ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಸುಟ್ಟಿದೆ. ಹೊಸ ತ್ರೀ ಪಿನ್ ಪ್ಲಗ್‌ಗೆ ಯಾವ ವೈರ್ ಎಲ್ಲಿ ಹಾಕಬೇಕು?

ಕಂದು ವೈರ್ ಫೇಸ್, ತಿಳಿನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಹಳೆಯ ವೈರಾದರೆ ಇದೇ ಕ್ರಮದಲ್ಲಿ ಕೆಂಪು, ಕಪ್ಪು, ಹಸಿರು. ಪ್ಲಗ್ ಒಳಗೆ ಎಲ್ (ಫೇಸ್), ಎನ್ (ನ್ಯೂಟ್ರಲ್), ಇ (ಅರ್ಥ್) ಅಂತ ಗುರುತಿರುತ್ತದೆ, ಅದರಂತೆ ಹಾಕಿ. ಉದ್ದ, ದಪ್ಪ ಪಿನ್ನೇ ಅರ್ಥ್.

ಪ್ಲಗ್ ಸುಡುವುದು ಹೆಚ್ಚಾಗಿ ಸ್ಕ್ರೂ ಸಡಿಲವಾಗಿ. ಹಾಗಾಗಿ ಕೆಲಸದ ಜೀವ ಇರುವುದು ಇಲ್ಲೇ. ಸುಟ್ಟು ಕಪ್ಪಾದ ತಾಮ್ರವನ್ನು ಹಾಗೇ ಬಳಸಬೇಡಿ. ಹೊಳೆಯುವ ತಾಮ್ರ ಕಾಣುವವರೆಗೆ ವೈರ್ ಕತ್ತರಿಸಿ. ಎಳೆಗಳನ್ನು ಬೆರಳಲ್ಲಿ ಬಿಗಿಯಾಗಿ ಹೊಸೆದು, ತುದಿ ಮಡಚಿ, ರಂಧ್ರಕ್ಕೆ ತೂರಿಸಿ ಸ್ಕ್ರೂ ಬಿಗಿ ಮಾಡಿ. ಆಮೇಲೆ ಒಂದೊಂದನ್ನೂ ಮೆಲ್ಲಗೆ ಎಳೆದು ನೋಡಿ. ಒಂದೇ ಒಂದು ಎಳೆಯೂ ಹೊರಗೆ ಚಾಚಿರಬಾರದು, ಪಕ್ಕದ್ದಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ.

ಅರ್ಥ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ಯಾರಾದರೂ ಜಗ್ಗಿದರೆ ಅದು ಕೊನೆಗೆ ಕಳಚಬೇಕು. ವೈರಿನ ಹೊರಗಿನ ಬಟ್ಟೆ ಹೊದಿಕೆ ಪ್ಲಗ್ಗಿನ ಕ್ಲಿಪ್ ಕೆಳಗೇ ಸಿಕ್ಕಿರಲಿ. ಸುಮ್ನೆ ಬಿಟ್ಟರೆ ಭಾರವೆಲ್ಲ ಸ್ಕ್ರೂಗಳ ಮೇಲೆ ಬೀಳುತ್ತದೆ.

ಅರ್ಥ್ ಕತ್ತರಿಸಿ ಟೂ ಪಿನ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಇಸ್ತ್ರಿ ಪೆಟ್ಟಿಗೆಯ ಮೈ ಲೋಹದ್ದು ಅಲ್ವಾ, ಒಳಗೆ ವೈರ್ ತಾಗಿದರೆ ಹಿಡಿದವರಿಗೇ ಶಾಕ್.

ವ್ಯಾಟನ್ನು ಮನೆಯ ವೋಲ್ಟೇಜ್ ಆದ 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 1000 ವ್ಯಾಟಿನ ಇಸ್ತ್ರಿಗೆ ಸುಮಾರು 4.3, ಅದಕ್ಕೆ 6 ಆಂಪಿಯರ್ ಪ್ಲಗ್ ಸಾಕು. 2000 ವ್ಯಾಟಿನ ಗೀಸರ್‌ಗೆ 16 ಆಂಪಿಯರ್‌ದೇ ಬೇಕು. ಐಎಸ್‌ಐ ಗುರುತು ನೋಡಿ ಕೊಳ್ಳಿ.

ಗೋಡೆಯ ಸಾಕೆಟ್ಟೂ ಕಪ್ಪಾಗಿದ್ದರೆ ಅದನ್ನು ಬಳಸಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಬದಲಿಸಿ.