ಕೆಲಸಕ್ಕೆ ಬಳಸುವ ಫೋನ್‌ಗಳಲ್ಲಿ ಆ್ಯಪ್‌ಗಳ ಡೇಟಾ ರಕ್ಷಣೆಯ ನೀತಿಯನ್ನು ಎಲ್ಲಿಂದ ಆರಂಭಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಸುಮಾರು 70 ಮಂದಿಯ ಸಂಸ್ಥೆ; ಅರ್ಧದಷ್ಟು ಜನರಿಗೆ ಸಂಸ್ಥೆಯೇ ಫೋನ್ ಕೊಟ್ಟಿದೆ, ಉಳಿದವರು ಸ್ವಂತ ಫೋನಿನಲ್ಲೇ ಔಟ್‌ಲುಕ್, ಟೀಮ್ಸ್, ಒನ್‌ಡ್ರೈವ್ ಬಳಸುತ್ತಾರೆ. ಕೆಲಸ ಬಿಟ್ಟುಹೋದ ಒಬ್ಬರ ಫೋನಿನಲ್ಲಿ ಗ್ರಾಹಕರ ಪಟ್ಟಿ ಉಳಿದುಕೊಂಡಿರುವುದು ಗೊತ್ತಾದ ಮೇಲೆ, ಕೆಲಸದ ಫೋನ್, ಆ್ಯಪ್‌ಗಳನ್ನು ದೂರದಿಂದ ನಿರ್ವಹಿಸುವ ಮೈಕ್ರೋಸಾಫ್ಟ್ ಇಂಟ್ಯೂನ್ ಸೇವೆಯಲ್ಲಿ ಆ್ಯಪ್ ಪ್ರೊಟೆಕ್ಷನ್ ಪಾಲಿಸಿ, ಅಂದರೆ ಆ್ಯಪ್‌ಗಳೊಳಗಿನ ಕಚೇರಿ ಮಾಹಿತಿ ಕಾಯುವ ನೀತಿ, ಹಾಕುವ ಹೊಣೆ ನಿಮ್ಮ ಹೆಗಲಿಗೆ ಬಿದ್ದಿದೆ. ಪುಟ ತೆರೆದರೆ ಹತ್ತಾರು ಆಯ್ಕೆಗಳು. ಯಾವುದನ್ನು ಬಿಗಿ ಮಾಡಬೇಕು, ಯಾವುದನ್ನು ಸಡಿಲ ಬಿಡಬೇಕು ಎಂದು ಕೇಳಿದ್ದೀರಿ. ಇದೇ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿರುವವನಾಗಿ, ನಾನು ಎಡವಿದ ಜಾಗಗಳನ್ನೂ ಸೇರಿಸಿ ಉತ್ತರಿಸುತ್ತೇನೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು, ಈ ನೀತಿ ಫೋನಿಗೆ ಅಂಟಿಕೊಳ್ಳುವುದಿಲ್ಲ, ಆ್ಯಪ್‌ನೊಳಗಿರುವ ಕಚೇರಿ ಖಾತೆಗೆ ಅಂಟಿಕೊಳ್ಳುತ್ತದೆ ಎಂಬುದು. ಒಂದೇ ಔಟ್‌ಲುಕ್‌ನಲ್ಲಿ ಒಬ್ಬರ ಕಚೇರಿ ಮೇಲ್ ಮತ್ತು ಸ್ವಂತ ಮೇಲ್ ಎರಡೂ ಇದ್ದರೆ, ನಿರ್ಬಂಧಗಳು ಮೊದಲನೆಯದಕ್ಕೆ ಮಾತ್ರ. ಎರಡನೆಯದನ್ನು ನೀತಿ ಮುಟ್ಟುವುದೇ ಇಲ್ಲ. ಹಾಗಾಗಿಯೇ ಈ ನೀತಿಯನ್ನು ಬಳಕೆದಾರರ ಗುಂಪಿಗೆ ಕೊಡಬೇಕು, ಸಾಧನಗಳ ಗುಂಪಿಗೆ ಕೊಟ್ಟರೆ ಏನೂ ಆಗುವುದಿಲ್ಲ. ಸ್ವಂತ ಫೋನನ್ನು ಇಂಟ್ಯೂನ್‌ಗೆ ಎನ್‌ರೋಲ್ ಮಾಡಿಸದೆಯೂ, ಅಂದರೆ ಇಡೀ ಫೋನನ್ನು ಸಂಸ್ಥೆಯ ನಿರ್ವಹಣೆಗೆ ಒಪ್ಪಿಸದೆಯೂ, ಇದು ನಡೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಇಂಟ್ಯೂನ್‌ನದೇ ಆದ ಕಂಪನಿ ಪೋರ್ಟಲ್ ಆ್ಯಪ್ ಇನ್‌ಸ್ಟಾಲ್ ಆಗಿದ್ದರೆ ಸಾಕು, ಅದರಲ್ಲಿ ಸೈನ್ ಇನ್ ಮಾಡುವ ಅಗತ್ಯವೂ ಇಲ್ಲ. "ನಮ್ಮ ಫೋಟೊ, ಮೆಸೇಜ್ ಎಲ್ಲ ಐಟಿಯವರಿಗೆ ಕಾಣುತ್ತದೆಯೇ" ಎಂದು ನಿಮ್ಮವರು ಕೇಳಿಯೇ ಕೇಳುತ್ತಾರೆ. ಎನ್‌ರೋಲ್ ಆಗದ ಫೋನಿನಲ್ಲಿ ನಿಮಗೆ ಕಾಣುವುದು ಯಾವ ಬಳಕೆದಾರರು, ಯಾವ ಸಾಧನ, ಯಾವ ಆ್ಯಪ್, ನೀತಿ ತಲುಪಿದೆಯೇ ಇಲ್ಲವೇ ಎಂಬಷ್ಟೇ. ಈ ಮಾತನ್ನು ನೀತಿ ಜಾರಿಗೆ ಬರುವ ಮುನ್ನವೇ ಬರವಣಿಗೆಯಲ್ಲಿ ತಿಳಿಸಿ. ಆಮೇಲೆ ಹೇಳಿದರೆ ಸಮಜಾಯಿಷಿಯಂತೆ ಕೇಳಿಸುತ್ತದೆ.

ಇನ್ನು ಆಯ್ಕೆಗಳ ವಿಷಯ. ಮೈಕ್ರೋಸಾಫ್ಟ್ ತಾನೇ ಮೂರು ಹಂತಗಳ ಚೌಕಟ್ಟೊಂದನ್ನು ಕೊಟ್ಟಿದೆ: ಮೊದಲ ಹಂತದಲ್ಲಿ ಆ್ಯಪ್ ತೆರೆಯಲು ಪಿನ್, ಎನ್‌ಕ್ರಿಪ್ಷನ್ ಮತ್ತು ಬೇಕಾದಾಗ ಅಳಿಸುವ ಸೌಲಭ್ಯ, ಎರಡನೆಯದರಲ್ಲಿ ಮಾಹಿತಿ ಸೋರಿಕೆ ತಡೆ ಮತ್ತು ಕನಿಷ್ಠ ಓಎಸ್ ಆವೃತ್ತಿ, ಮೂರನೆಯದು ಅತಿ ಸೂಕ್ಷ್ಮ ಮಾಹಿತಿ ನಿಭಾಯಿಸುವವರಿಗೆ. ನಿಮ್ಮಂಥ ಸಂಸ್ಥೆಗೆ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಕಣ್ಣುಮುಚ್ಚಿ ನಕಲು ಮಾಡುವ ಬದಲು ಒಂದು ಹಾಳೆ ತೆಗೆದುಕೊಂಡು, ಒಂದು ಗ್ರಾಹಕರ ಪಟ್ಟಿ ಔಟ್‌ಲುಕ್‌ನ ಅಟ್ಯಾಚ್‌ಮೆಂಟ್ ಆಗಿ ಬಂದಾಗ ಅದು ಯಾವ ಯಾವ ದಾರಿಯಿಂದ ಹೊರಗೆ ಹೋಗಬಲ್ಲದು ಎಂದು ಬರೆಯಿರಿ. ಬೇರೆ ಆ್ಯಪ್‌ಗೆ ಶೇರ್ ಮಾಡಬಹುದು, ಫೋನಿನ ಸ್ಟೋರೇಜ್‌ಗೆ ಇಳಿಸಿಕೊಳ್ಳಬಹುದು, ನಾಲ್ಕು ಸಾಲು ಕಾಪಿ ಮಾಡಿ ಚಾಟ್‌ನಲ್ಲಿ ಪೇಸ್ಟ್ ಮಾಡಬಹುದು, ಫೋನಿನ ಬ್ಯಾಕಪ್ ಜೊತೆ ಸ್ವಂತ ಕ್ಲೌಡ್ ಖಾತೆಗೆ ಹೋಗಬಹುದು, ಪ್ರಿಂಟ್ ತೆಗೆಯಬಹುದು, ಏನೂ ಮಾಡದೆ ಇದ್ದರೂ ಲಾಕ್ ಸ್ಕ್ರೀನ್ ಮೇಲಿನ ನೋಟಿಫಿಕೇಷನ್‌ನಲ್ಲಿ ಪಕ್ಕದವರ ಕಣ್ಣಿಗೆ ಬೀಳಬಹುದು. ನೀತಿಯ ಡೇಟಾ ಪ್ರೊಟೆಕ್ಷನ್ ಪುಟದಲ್ಲಿರುವ ಬಹುಪಾಲು ಆಯ್ಕೆಗಳು ಇವೇ ದಾರಿಗಳಿಗೆ ಹಾಕಿದ ಬಾಗಿಲುಗಳು.

ಶೇರ್ ಮಾಡುವ ದಾರಿಗೆ "ಪಾಲಿಸಿ ಮ್ಯಾನೇಜ್ಡ್ ಆ್ಯಪ್ಸ್" ಎಂದು ಇಡಿ. ಆಗ ಕಚೇರಿ ಫೈಲು ಇದೇ ನೀತಿಯೊಳಗಿರುವ ಆ್ಯಪ್‌ಗಳ ನಡುವೆ ಮಾತ್ರ ಓಡಾಡುತ್ತದೆ. ಫೈಲಿನ ಪ್ರತಿಯನ್ನು ಉಳಿಸುವುದನ್ನು ಬ್ಲಾಕ್ ಮಾಡಿ, ಒನ್‌ಡ್ರೈವ್ ಮತ್ತು ಶೇರ್‌ಪಾಯಿಂಟ್‌ಗೆ ಮಾತ್ರ ವಿನಾಯಿತಿ ಕೊಡಿ. ವಿನಾಯಿತಿ ಕೊಡದೆ ಬರೀ ಬ್ಲಾಕ್ ಮಾಡಿದರೆ ಜನ ಪರದೆಯ ಫೋಟೊವನ್ನು ಇನ್ನೊಂದು ಫೋನಿನಲ್ಲಿ ತೆಗೆಯುತ್ತಾರೆ, ಅದನ್ನು ಯಾವ ನೀತಿಯೂ ತಡೆಯಲಾರದು. ಕಾಪಿ-ಪೇಸ್ಟ್‌ಗೆ "ಪಾಲಿಸಿ ಮ್ಯಾನೇಜ್ಡ್ ಆ್ಯಪ್ಸ್ ವಿತ್ ಪೇಸ್ಟ್ ಇನ್" ಎಂಬುದನ್ನು ಆರಿಸಿದರೆ ಹೊರಗಿನದು ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುವುದಿಲ್ಲ. ಅದರ ಕೆಳಗೇ ಅಕ್ಷರಗಳ ಮಿತಿ ಎಂಬ ಪುಟ್ಟ ಪೆಟ್ಟಿಗೆಯೊಂದಿದೆ. ತಾನಾಗಿ 0 ಇರುತ್ತದೆ, ಬಹಳ ಮಂದಿ ಅದನ್ನು ಗಮನಿಸುವುದೇ ಇಲ್ಲ. ನಾನು ಅದರಲ್ಲಿ 50 ಎಂದು ಹಾಕುತ್ತೇನೆ. ಮೇಲ್‌ನಲ್ಲಿ ಬಂದ ವಿಳಾಸದ ಒಂದು ಸಾಲನ್ನೋ ಪಾರ್ಸೆಲ್ ಸಂಖ್ಯೆಯನ್ನೋ ಹೊರಗಿನ ಆ್ಯಪ್‌ಗೆ ಒಯ್ಯಲು ಅಷ್ಟು ಸಾಕು, ಇಡೀ ಪಟ್ಟಿ ಒಯ್ಯಲು ಸಾಲದು. ಈ ಒಂದು ಸಂಖ್ಯೆಯಿಂದ ಎಷ್ಟು ದೂರುಗಳು ತಪ್ಪಿದವೆಂಬುದನ್ನು ನಮ್ಮ ಸಹಾಯವಾಣಿಯವರನ್ನೇ ಕೇಳಬೇಕು. ನೋಟಿಫಿಕೇಷನ್‌ಗೆ "ಬ್ಲಾಕ್ ಆರ್ಗ್ ಡೇಟಾ" ಇಟ್ಟರೆ ಹೊಸ ಮೇಲ್ ಬಂದದ್ದು ತಿಳಿಯುತ್ತದೆ, ಯಾರಿಂದ ಏನು ಎಂಬುದು ಕಾಣುವುದಿಲ್ಲ.

ನಾನು ಸರಿಯಾಗಿ ಎಡವಿದ್ದು ಕಾಂಟ್ಯಾಕ್ಟ್ಸ್ ವಿಷಯದಲ್ಲಿ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆಯಲ್ಲಿ, ಔಟ್‌ಲುಕ್‌ನ ಸಂಪರ್ಕಗಳು ಫೋನಿನ ಅಡ್ರೆಸ್ ಬುಕ್‌ಗೆ ಸಿಂಕ್ ಆಗುವುದನ್ನು ಒಂದು ಸಂಜೆ ಪೂರ್ತಿ ನಿಲ್ಲಿಸಿಬಿಟ್ಟೆ. ಗ್ರಾಹಕರ ಹೆಸರು-ಸಂಖ್ಯೆ ಆ್ಯಪ್‌ನೊಳಗೇ ಇರಲಿ ಎಂಬ ಸದುದ್ದೇಶ. ಮರುದಿನದಿಂದ ಮಾರಾಟ ವಿಭಾಗದವರಿಗೆ ಕರೆ ಬಂದಾಗ ಬರೀ ಸಂಖ್ಯೆ ಕಾಣತೊಡಗಿತು, ಹೆಸರು ಕಾಣಲಿಲ್ಲ. ಅವರು ನನಗೆ ದೂರು ಕೊಡಲಿಲ್ಲ. ತಮಗೆ ಬೇಕಾದ ಗ್ರಾಹಕರ ಹೆಸರುಗಳನ್ನೆಲ್ಲ ಒಂದೊಂದಾಗಿ ಕೈಯಿಂದಲೇ ಸ್ವಂತ ಕಾಂಟ್ಯಾಕ್ಟ್ಸ್‌ಗೆ ಸೇರಿಸಿಕೊಂಡರು. ಮೊದಲು ಸಿಂಕ್ ಆಗಿದ್ದ ಸಂಪರ್ಕಗಳನ್ನಾದರೆ ನಾನು ಕಚೇರಿಯಿಂದಲೇ ಅಳಿಸಬಹುದಿತ್ತು. ಅವರು ಕೈಯಿಂದ ಬರೆದುಕೊಂಡದ್ದನ್ನು ಅಳಿಸುವ ದಾರಿಯೇ ಇರಲಿಲ್ಲ. ಬಿಗಿ ಮಾಡಲು ಹೋಗಿ ನಾನೇ ಸೋರಿಕೆ ಮಾಡಿಸಿದಂತಾಯಿತು. ಈಗ ಸಿಂಕ್ ಬಿಟ್ಟಿರುತ್ತೇನೆ, ಆದರೆ ಔಟ್‌ಲುಕ್‌ನ ಆ್ಯಪ್ ಕಾನ್ಫಿಗರೇಷನ್ ಪಾಲಿಸಿಯಲ್ಲಿ (ಆ್ಯಪ್‌ನ ಸೆಟ್ಟಿಂಗ್‌ಗಳನ್ನು ಕಚೇರಿಯಿಂದಲೇ ನಿಗದಿ ಮಾಡುವ ಬೇರೆ ನೀತಿ) ಹೆಸರು ಮತ್ತು ಫೋನ್ ಸಂಖ್ಯೆ ಮಾತ್ರ ಸಿಂಕ್ ಆಗುವಂತೆ ಕಟ್ಟುತ್ತೇನೆ. ಅಲ್ಲೂ ಒಂದು ಎಚ್ಚರಿಕೆ ಬೇಕು: ಫೋನಿನ ಅಡ್ರೆಸ್ ಬುಕ್‌ನಿಂದ ಆ ಸಂಪರ್ಕಗಳು ಮತ್ತೊಂದು ಕ್ಲೌಡ್ ಸೇವೆಗೆ ಸಿಂಕ್ ಆಗಿದ್ದರೆ ಆ ಪ್ರತಿಯನ್ನು ಇಂಟ್ಯೂನ್ ಅಳಿಸಲಾರದು.

ಪಿನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬೆರಳಚ್ಚು ಅಥವಾ ಮುಖ ಗುರುತಿಸುವಿಕೆಗೆ ಅವಕಾಶ ಕೊಡಿ, 30 ನಿಮಿಷ ಬಳಸದೆ ಇದ್ದರೆ ಮತ್ತೆ ಕೇಳುವಂತೆ ಇಡಿ, 5 ಬಾರಿ ತಪ್ಪಿದರೆ ಪಿನ್ ಮರುಹೊಂದಿಸಲಿ. ರೂಟ್ ಅಥವಾ ಜೈಲ್‌ಬ್ರೇಕ್ ಆದ, ಅಂದರೆ ಫೋನಿನ ಮೂಲ ಭದ್ರತೆಯನ್ನು ಮುರಿದ, ಸಾಧನಗಳಿಗೆ ಬ್ಲಾಕ್ ಸಾಕು. ಆಫ್‌ಲೈನ್ ಗ್ರೇಸ್ ಪೀರಿಯಡ್‌ಗೆ ನಾನು 1440 ನಿಮಿಷ, ಅಂದರೆ ಒಂದು ದಿನ, ಇಡುತ್ತೇನೆ. ಅಷ್ಟು ಹೊತ್ತು ನೆಟ್‌ವರ್ಕ್ ಸಿಗದ ಆ್ಯಪ್ ತೆರೆಯುವುದಿಲ್ಲ, ಸಿಕ್ಕ ಕೂಡಲೇ ತೆರೆಯುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ದಿನಗಟ್ಟಲೆ ಕೆಲಸ ಮಾಡುವವರು ನಿಮ್ಮಲ್ಲಿದ್ದರೆ ಅವರಿಗೆ ಬೇರೆ ನೀತಿ ಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ನೀತಿ ಬಾಗಿಲಿಗೆ ಅಂಟಿಸಿದ ಸೂಚನಾ ಫಲಕದಂತೆ ಮಾತ್ರ ಇರುತ್ತದೆ. ಏಕೆಂದರೆ ಫೋನಿನ ಜೊತೆ ಬಂದ ಮೇಲ್ ಆ್ಯಪ್‌ನಲ್ಲಿ ಕಚೇರಿ ಖಾತೆ ಸೇರಿಸಿಕೊಂಡವರನ್ನು ಅದು ತಡೆಯುವುದಿಲ್ಲ. ಇಂಟ್ಯೂನ್ ಎಸ್‌ಡಿಕೆ (ನೀತಿಯನ್ನು ಓದಿ ಪಾಲಿಸಲು ಆ್ಯಪ್‌ನೊಳಗೆ ಸೇರಿಸುವ ತಂತ್ರಾಂಶದ ತುಣುಕು) ಇಲ್ಲದ ಆ್ಯಪ್‌ಗೆ ಈ ನೀತಿ ಎಂಬುದೊಂದಿದೆ ಎಂದೇ ತಿಳಿಯದು. ಆ ಸುತ್ತುದಾರಿ ಮುಚ್ಚಲು ಎಂಟ್ರಾ ಐಡಿಯಲ್ಲಿ, ಅಂದರೆ 2023ರವರೆಗೆ ಅಜೂರ್ ಎಡಿ ಎಂದು ಕರೆಯುತ್ತಿದ್ದ, ಖಾತೆ ಮತ್ತು ಸೈನ್ ಇನ್ ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆಯಲ್ಲಿ, ಯಾವ ಷರತ್ತಿನ ಮೇಲೆ ಸೈನ್ ಇನ್‌ಗೆ ಬಿಡಬೇಕೆಂದು ಹೇಳುವ ಕಂಡಿಷನಲ್ ಆಕ್ಸೆಸ್ ನಿಯಮವೊಂದನ್ನು ಬರೆದು "ರಿಕ್ವೈರ್ ಆ್ಯಪ್ ಪ್ರೊಟೆಕ್ಷನ್ ಪಾಲಿಸಿ" ಎಂಬುದನ್ನು ಆರಿಸಬೇಕು. ಇದಕ್ಕೆ ಎಂಟ್ರಾ ಐಡಿ ಪಿ1 ಲೈಸೆನ್ಸ್ ಬೇಕು, ಮೊದಲೇ ನೋಡಿಕೊಳ್ಳಿ. ಐಫೋನ್ ಬಳಸುವವರು ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಹಾಕಿಕೊಂಡಿರಬೇಕು. ನಿಯಮದಲ್ಲಿ ಮೊಬೈಲ್ ಆ್ಯಪ್‌ಗಳನ್ನು ಮಾತ್ರ ಟಿಕ್ ಮಾಡಿ ಬ್ರೌಸರ್ ಬಿಟ್ಟುಬಿಡುವುದು ತುಂಬ ಸಾಮಾನ್ಯ ತಪ್ಪು. ಆಗ ಔಟ್‌ಲುಕ್ ಆ್ಯಪ್‌ನಲ್ಲಿ ಇಳಿಸಲಾಗದ ಅದೇ ಫೈಲನ್ನು ಫೋನಿನ ಬ್ರೌಸರ್‌ನಲ್ಲಿ ವೆಬ್‌ಮೇಲ್ ತೆರೆದು ನಿರಾತಂಕವಾಗಿ ಇಳಿಸಿಕೊಳ್ಳಬಹುದು. ಬ್ರೌಸರನ್ನೂ ಸೇರಿಸಿದರೆ ಫೋನಿನಲ್ಲಿ ಎಡ್ಜ್ ಮಾತ್ರ ಕೆಲಸ ಮಾಡುತ್ತದೆ. ಗೊಣಗಾಟ ಬರುತ್ತದೆ, ಬರಲಿ. ಫೋನಿನ ಮೇಲ್ ಆ್ಯಪ್‌ಗಳು ಕಚೇರಿ ಮೇಲ್ ತರಿಸಿಕೊಳ್ಳುವ ಹಳೆಯ ಎಕ್ಸ್‌ಚೇಂಜ್ ಆ್ಯಕ್ಟಿವ್‌ಸಿಂಕ್ ಸಂಪರ್ಕಗಳನ್ನು ಬೇರೆಯೇ ನಿಯಮದಲ್ಲಿ ತಡೆಯಿರಿ. ಹೊಸ ನಿಯಮವನ್ನು ಮೊದಲು "ರಿಪೋರ್ಟ್ ಓನ್ಲಿ" ಸ್ಥಿತಿಯಲ್ಲಿ ಒಂದೆರಡು ವಾರ ಓಡಿಸಿ, ಸೈನ್ ಇನ್ ಲಾಗ್‌ನಲ್ಲಿ ಯಾರು ಯಾರು ಸಿಕ್ಕಿಬೀಳುತ್ತಿದ್ದರು ಎಂಬುದನ್ನು ನೋಡಿ, ತುರ್ತು ಬಳಕೆಯ ಅಡ್ಮಿನ್ ಖಾತೆಯನ್ನು ಹೊರಗಿಟ್ಟು, ಆಮೇಲೆ ಆನ್ ಮಾಡಿ.

ಸಂಸ್ಥೆಯ ಫೋನ್ ಮತ್ತು ಸ್ವಂತ ಫೋನ್ ಎರಡಕ್ಕೂ ಒಂದೇ ನೀತಿಯೇ ಎಂದು ಕೇಳಿದ್ದೀರಿ. ಆರಂಭದಲ್ಲಿ ಒಂದೇ ಇರಲಿ ಎನ್ನುತ್ತೇನೆ. ಸಂಸ್ಥೆಯ ಫೋನ್ ಎನ್‌ರೋಲ್ ಆಗಿದ್ದರೆ ಅದಕ್ಕೆ ಸಾಧನದ ಮಟ್ಟದ ಲಾಕ್, ಎನ್‌ಕ್ರಿಪ್ಷನ್ ಆಗಲೇ ಇರುವುದರಿಂದ ಆ್ಯಪ್ ಪಿನ್ ತೆಗೆದು ಸಡಿಲಿಸಬಹುದು ಎಂಬುದು ನಿಜ. ಆದರೆ ಒಬ್ಬರಿಗೆ ಎರಡು ನೀತಿಗಳು ತಾಗಿದಾಗ ಸಾಮಾನ್ಯವಾಗಿ ಹೆಚ್ಚು ಬಿಗಿಯಾದದ್ದೇ ಗೆಲ್ಲುತ್ತದೆ, ಸಂಖ್ಯೆ ತುಂಬುವ ಪೆಟ್ಟಿಗೆಗಳಲ್ಲಿ ಎರಡೂ ನೀತಿಗಳ ಬೆಲೆ ಬಿಟ್ಟು ಇಂಟ್ಯೂನ್‌ನ ಶಿಫಾರಸು ಬೆಲೆ ಬಂದು ಕೂರುತ್ತದೆ. ಯಾಕೆ ಹೀಗಾಯಿತೆಂದು ಹುಡುಕುತ್ತಾ ಅರ್ಧ ದಿನ ಕಳೆಯುತ್ತದೆ. ಬೇರೆ ಮಾಡಲೇಬೇಕಾದರೆ ಯಾವ ಫೋನಿಗೆ ಯಾವ ನೀತಿ ಎಂದು ಬೇರ್ಪಡಿಸುವ ಫಿಲ್ಟರ್ ಬಳಸಿ, ಒಂದು ಫೋನಿಗೆ ಒಂದೇ ನೀತಿ ತಾಗುವಂತೆ ನೋಡಿಕೊಳ್ಳಿ.

ಜಾರಿಗೆ ಮುನ್ನ ಐದಾರು ಜನರ ಗುಂಪಿನಲ್ಲಿ ಪರೀಕ್ಷಿಸಿ. ಅದರಲ್ಲಿ ಐಟಿಯವರು ಒಬ್ಬರು ಸಾಕು, ಉಳಿದವರು ಲೆಕ್ಕಪತ್ರ, ಮಾರಾಟ, ಸದಾ ಹೊರಗೆ ಓಡಾಡುವವರು ಆಗಿರಲಿ. ಅವರಲ್ಲೊಬ್ಬರ ಮೇಲೆ ಸೆಲೆಕ್ಟಿವ್ ವೈಪ್ ಅನ್ನು, ಅಂದರೆ ಕಚೇರಿ ಮಾಹಿತಿಯನ್ನಷ್ಟೇ ದೂರದಿಂದ ಅಳಿಸುವುದನ್ನು, ನಿಜವಾಗಿಯೂ ಮಾಡಿ ನೋಡಿ. ಆದೇಶ ಕೊಟ್ಟ ಕೂಡಲೇ ಏನೂ ಆಗುವುದಿಲ್ಲ: ಬಳಕೆದಾರರು ಆ ಆ್ಯಪ್ ತೆರೆಯಬೇಕು, ಅಳಿಸುವಿಕೆಗೆ 30 ನಿಮಿಷದವರೆಗೂ ಹಿಡಿಯಬಹುದು. ಆಗ ಕಚೇರಿ ಖಾತೆಯ ಮಾಹಿತಿ ಹೋಗುತ್ತದೆ, ಅವರ ಫೋಟೊ, ಸ್ವಂತ ಮೇಲ್ ಹಾಗೇ ಉಳಿಯುತ್ತವೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಉಳಿದವರ ಅನುಮಾನವನ್ನು ನಿಮಗಿಂತ ಚೆನ್ನಾಗಿ ಬಗೆಹರಿಸುತ್ತಾರೆ. ಜೊತೆಗೆ ನೀತಿಯ ಕಂಡಿಷನಲ್ ಲಾಂಚ್ (ಆ್ಯಪ್ ತೆರೆಯಲು ಷರತ್ತುಗಳ) ಪುಟದಲ್ಲಿ "ಡಿಸೇಬಲ್ಡ್ ಅಕೌಂಟ್" ಎಂಬುದಕ್ಕೆ ವೈಪ್ ಎಂದು ಇಟ್ಟರೆ, ಕೆಲಸ ಬಿಟ್ಟವರ ಖಾತೆಯನ್ನು ನಿಷ್ಕ್ರಿಯಗೊಳಿಸಿದ ಮೇಲೆ ಅವರ ಫೋನಿನ ಆ್ಯಪ್ ಅದನ್ನು ಗುರುತಿಸಿ ಕಚೇರಿ ಮಾಹಿತಿಯನ್ನು ತಾನೇ ಅಳಿಸುತ್ತದೆ. ಯಾರೋ ನೆನಪಿಟ್ಟುಕೊಂಡು ವೈಪ್ ಆದೇಶ ಕೊಡುವವರೆಗೆ ಕಾಯಬೇಕಿಲ್ಲ.

ನಿಮ್ಮ ಪ್ರಶ್ನೆಗೆ ಕಾರಣವಾದ ಆ ಪಟ್ಟಿಯ ವಿಷಯದಲ್ಲಿ ಮಾತ್ರ ಈ ನೀತಿ ಉಪಯೋಗಕ್ಕೆ ಬರುವುದಿಲ್ಲ. ನೀತಿ ಬರುವ ಮೊದಲೇ ಫೋನಿನ ಸ್ಟೋರೇಜ್‌ಗೆ ಇಳಿದ ಫೈಲು ಅದರ ಕೈಗೆ ಸಿಗುವುದಿಲ್ಲ. ಅದನ್ನು ಅಳಿಸಿಸಿ ಲಿಖಿತ ಖಾತರಿ ಪಡೆಯುವುದು ನಿಮ್ಮ ಮಾನವ ಸಂಪನ್ಮೂಲ ವಿಭಾಗದ ಅಥವಾ ವಕೀಲರ ಕೆಲಸ. ಈಗಿರುವ ಸಿಬ್ಬಂದಿಯ ಫೋನ್‌ಗಳಲ್ಲೂ ಅಂಥ ಹಳೆಯ ಪ್ರತಿಗಳು ಖಂಡಿತ ಇರುತ್ತವೆ. ಜಾರಿಯ ದಿನವೇ ಎಲ್ಲರಿಂದಲೂ ಡೌನ್‌ಲೋಡ್ಸ್ ಫೋಲ್ಡರನ್ನು ತೆರೆಸಿ ಅವನ್ನು ಅಳಿಸಿಸಿಬಿಡಿ.