ಲಂಡನ್ ಬ್ರೆಡ್ ಯಾಕೆ ಪ್ಯಾರಿಸ್ ತರ ಇರಲ್ಲ?

ಲಂಡನ್ ಸೂಪರ್‌ಮಾರ್ಕೆಟ್ ಬ್ರೆಡ್ ಹತ್ತಿ ತಿಂದಂಗಿರತ್ತೆ, ಪ್ಯಾರಿಸ್‌ದು ಅಷ್ಟು ರುಚಿ, ಗೋಧಿನೇ ಬೇರೆನಾ ಅಂತ ಕೇಳಿದ್ರಲ್ಲ, ಗೋಧಿಗಿಂತ ಟೈಮ್ ಮುಖ್ಯ ಸರ್. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ಒಂದು ವಿಧಾನ ಕಂಡುಹಿಡಿದ್ರು, ಹಿಟ್ಟನ್ನ ಕೆಲವೇ ನಿಮಿಷ ಭಾರೀ ಸ್ಪೀಡಲ್ಲಿ ಮಿಕ್ಸ್ ಮಾಡಿ, ವಿಟಮಿನ್ ಸಿ, ಗಟ್ಟಿ ಕೊಬ್ಬು, ಜಾಸ್ತಿ ಈಸ್ಟ್ ಹಾಕ್ತಾರೆ, ಗಂಟೆಗಟ್ಲೆ ಹುದುಗೋಕೆ ಬಿಡೋದೇ ಇಲ್ಲ, ಪ್ರೋಟೀನ್ ಕಮ್ಮಿ ಇರೋ ಅಲ್ಲಿನ ಗೋಧಿನೂ ನಡಿಯತ್ತೆ, ರೇಟೂ ಕಮ್ಮಿ. ಅಲ್ಲಿನ ಪ್ಯಾಕೆಟ್ ಬ್ರೆಡ್ ಬಹುಪಾಲು ಹೀಗೇ. ಆದ್ರೆ ರುಚಿ ಹುಟ್ಟೋದೇ ಆ ಹುದುಗೋ ಹೊತ್ತಲ್ಲಿ! ಫ್ರಾನ್ಸಲ್ಲಿ 1993ರಿಂದ ಕಾನೂನೇ ಇದೆ, 'ಟ್ರಡಿಸಿಯೋಂ' (ಸಾಂಪ್ರದಾಯಿಕ) ಅಂತ ಮಾರೋ ಬ್ಯಾಗೆಟ್‌ಗೆ, ಅಂದ್ರೆ ಕೋಲಿನಂಥ ಉದ್ದನೆ ಬ್ರೆಡ್‌ಗೆ, ಅಡಿಟಿವ್ ಹಾಕಂಗಿಲ್ಲ, ಹಿಟ್ಟು ಫ್ರೀಜ್ ಮಾಡಂಗೂ ಇಲ್ಲ. ಅಲ್ಲೂ ಮಾಮೂಲಿ ಬ್ಯಾಗೆಟ್‌ಗೆ ಈ ರೂಲ್ ಇಲ್ಲ, 'ಟ್ರಡಿಸಿಯೋಂ' ಅಂತಲೇ ಕೇಳಿ ತಗೊಳ್ಳಿ. ಲಂಡನ್‌ನಲ್ಲೇ ಇದ್ರೆ ಸಣ್ಣ ಬೇಕರಿಗಳಲ್ಲಿ ಸೋರ್‌ಡೋ (ಹುಳಿ ಹಿಟ್ಟಿಂದ ಹುದುಗಿಸಿದ ಬ್ರೆಡ್) ಸಿಗತ್ತೆ, ರಾತ್ರಿಯಿಡೀ ಹುದುಗಿಸಿದ್ದಾ ಅಂತ ವಿಚಾರಿಸಿ.