ಮಗ ಕ್ಲಾಸಲ್ಲಿ ಬಾಯೇ ಬಿಡಲ್ಲ ಅಂದ್ರಲ್ಲ, ಅದಕ್ಕೆ

ಇದು ಹಠ ಅಲ್ಲ. ಬೈಕಿಂದ ಬಿದ್ದು ತಲೆಗೆ ಪೆಟ್ಟಾಗಿದೆ ಅಂದ್ರಿ, ಹಂಗಾದ್ಮೇಲೆ ಮಿದುಳು ಬೇಗ ಸುಸ್ತಾಗುತ್ತೆ, ಪಾಠ ತಲೆಗೆ ಹೋಗೋಕೂ ಟೈಮ್ ಬೇಕು, ಆದ್ರೆ ಸುಸ್ತಾಗಿದೆ ಅಂತ ಅವನಿಗೇ ಗೊತ್ತಾಗೋದು ಲೇಟು, ಅದಕ್ಕೇ ಸ್ಕೂಲಲ್ಲಿ ಸುಮ್ನೆ ಕೂತು ಮನೆಗೆ ಬಂದು ಬ್ಯಾಗ್ ಎಸೀತಿರೋದು. ನನ್ನ ಮಗಳೂ ಹಿಂಗೇ ಇದ್ಳು.

ಮೊದ್ಲು ಸುಸ್ತನ್ನ ಗುರುತಿಸೋದು ಕಲಿಸಿ. ನಮ್ಮವಳು ಕಣ್ಣು ಉಜ್ಕೋತಿದ್ಳು, ಅಕ್ಷರ ಸೊಟ್ಟ ಆಗ್ತಿತ್ತು, ಅದನ್ನ ಆಗಿಂದಾಗ್ಲೇ ತೋರಿಸ್ತಿದ್ವಿ. ಆಮೇಲೆ ಒಂದೇ ವಾಕ್ಯ, "ಮಿಸ್, ಇನ್ನೊಂದ್ಸಲ ನಿಧಾನಕ್ಕೆ ಹೇಳಿ". ಕ್ಲಾಸಲ್ಲಿ ಶುರು ಮಾಡ್ಬೇಡಿ, ಮನೇಲಿ ಅಡಿಕೆ ಸುಲೀತಾ ಅಜ್ಜಿ ಹತ್ರ, ಆಮೇಲೆ ತೀರ್ಥಹಳ್ಳಿ ಪೇಟೇಲಿ ಅಂಗಡಿಯವರ ಹತ್ರ ಹೇಳಿಸಿ, ತಡವರಿಸಿದ್ರೆ ನೀವು ಮಧ್ಯ ಬಾಯಿ ಹಾಕ್ಬೇಡಿ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಇದೇ ತುಂಬಾ ಕಷ್ಟ, ನಂಗೆ ತಿಂಗಳುಗಟ್ಲೆ ಹಿಡೀತು. ಮರೀತಾನೆ, ಹಂಗಾಗಿ ವಾಕ್ಯ ಬರೆದು ಜಾಮಿಟ್ರಿ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿ, ಮೇಲೆ ಟೇಪ್ ಹಾಕಿ, ನಮ್ಮ ಮಳೆಗೆ ಇಂಕು ಉಳಿಯಲ್ಲ.

ಟೀಚರ್‌ಗೆ ಮುಂಚೇನೇ ತಿಳಿಸಿ, ಆದ್ರೆ ಮಗನ್ನ ಜೊತೆಗೆ ಕೂರಿಸ್ಕೊಂಡು, ಒಂದು ಮಾತಾದ್ರೂ ಅವನೇ ಹೇಳ್ಲಿ. ನಮಗೊಬ್ರು "ನೋಡೋಕೆ ಚೆನ್ನಾಗೇ ಇದಾಳಲ್ಲ" ಅಂದ್ಬಿಟ್ರು, ಹಾಗಾಗಿ ಡಾಕ್ಟರ ಪತ್ರ ಕೈಲಿರ್ಲಿ. ಅಂಗವೈಕಲ್ಯ ಸರ್ಟಿಫಿಕೇಟ್ ಸಿಗುತ್ತಾ ಅಂತ ಅವರನ್ನೇ ಕೇಳಿ, ಸಿಕ್ಕಿದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 17ನೇ ಸೆಕ್ಷನ್ ಹೆಸರು ಹೇಳಿ ಪರೀಕ್ಷೇಲಿ ಹೆಚ್ಚು ಟೈಮ್ ಕೇಳಬಹುದು.

ಎಷ್ಟು ದಿನ ಬೇಕು ಅಂತ ಹೇಳೋಕಾಗಲ್ಲ, ಪೆಟ್ಟಿನ ಮೇಲೆ ಹೋಗುತ್ತೆ. ಇವತ್ತು ರಾತ್ರಿ ಆ ವಾಕ್ಯ ಅವನ ಕೈಲೇ ಬರೆಸಿ.